ನೀಲಿ ಬಕೆಟ್ಟಿನವರೆಗೆ ಹೋದ ಸಾಲು

ನಮ್ಮ ದೊಡ್ಡಪ್ಪ ಮೂವತ್ತೊಂದು ವರ್ಷ ಬೇರೆಯವರ ಮನೆಯ ನೆಲದ ಮೇಲೆ ಕೂತು ಸಂಸಾರ ಸಾಕಿದವರು. ಕುರ್ಚಿ ಕೊಟ್ಟರೂ ಕೂರುತ್ತಿರಲಿಲ್ಲ. ಇರುವೆ, ಜಿರಲೆ, ಗೆದ್ದಲಿಗೆ ಔಷಧಿ ಹೊಡೆಯುವುದು ಅವರ ಕೆಲಸ. ಜಿರಲೆಯ ಮೇಲೆ ಅವರಿಗೆ ಅಂಥ ಗೌರವವೇನೂ ಇರಲಿಲ್ಲ. ಗೆದ್ದಲು ಕಂಡರೆ ಮುಖ ಸಿಂಡರಿಸುತ್ತಿದ್ದರು. ಇರುವೆ ಎಂದರೆ ಮಾತ್ರ ಬೆನ್ನಿನ ಡಬ್ಬ ಇಳಿಸಿ, ಕನ್ನಡಕ ಒರೆಸಿಕೊಂಡು, ಗೋಡೆಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತಿದ್ದರು. ಕರೆಸಿದ ಮನೆಯವರು ಗಡಿಯಾರ ನೋಡುತ್ತ ನಿಂತಿರುತ್ತಿದ್ದರು. ಇವರು ಇರುವೆ ನೋಡುತ್ತಿರುತ್ತಿದ್ದರು.

ಆ ಗುರುವಾರ ಬೆಳಿಗ್ಗೆ ಬಚ್ಚಲಮನೆಯ ಬಾಗಿಲಲ್ಲಿ ನಾನು ಕಂಡ ಅವರ ಮುಖ ಈ ಹತ್ತು ವರ್ಷಗಳಲ್ಲಿ ಒಂದಿಷ್ಟೂ ಮಸುಕಾಗಿಲ್ಲ. ಆದರೆ ಅವರ ಕೆಲಸ ಹೇಗಿತ್ತು ಎಂದು ಮೊದಲು ಹೇಳದಿದ್ದರೆ ಆ ಮುಖ ನಿಮಗೆ ಅರ್ಥವಾಗುವುದಿಲ್ಲ.

ಇಪ್ಪತ್ತಮೂರನೇ ವಯಸ್ಸಿನಲ್ಲಿ ದೊಡ್ಡಪ್ಪ ಒಂದು ಬಿಸ್ಕತ್ತು ಕಾರ್ಖಾನೆಯಲ್ಲಿ ಕಸ ಗುಡಿಸುತ್ತಿದ್ದರು. ಅಲ್ಲಿ ಸಕ್ಕರೆ ಪಾಕದ ಪೀಪಾಯಿಯೊಂದು ಗೋಡೆಯ ಮೂಲೆಯಲ್ಲಿತ್ತು. ಅದಕ್ಕೆ ಸದಾ ಇರುವೆ. ಒಮ್ಮೆ ನೆಲದ ರಿಪೇರಿ ಬಂದು ಪೀಪಾಯಿಯನ್ನು ಬಾಗಿಲ ಹತ್ತಿರಕ್ಕೆ ಉರುಳಿಸಿದರು. ಇರುವೆಗಳು ಮಾತ್ರ ಖಾಲಿ ಮೂಲೆಗೇ ಬರುತ್ತಿದ್ದವು. ಬೇರೆಯವರು ನಕ್ಕು ಊಟಕ್ಕೆ ಹೋದರು. ದೊಡ್ಡಪ್ಪ ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕೂತರು. ಪೊರಕೆಯ ಕಡ್ಡಿಯ ತುದಿಯಿಂದ ಒಂದು ಇರುವೆಯ ಬೆನ್ನಿಗೆ ಬಿಳಿ ಬಣ್ಣದ ಚುಕ್ಕೆ ಮುಟ್ಟಿಸಿದರು. ಅದು ಖಾಲಿ ಮೂಲೆಗೆ ಬಂದು ತಬ್ಬಿಬ್ಬಾಯಿತು, ಸುತ್ತು ಹಾಕಿತು, ಸುತ್ತು ದೊಡ್ಡದು ಮಾಡಿತು, ಕೊನೆಗೆ ಬಾಗಿಲ ಹತ್ತಿರ ಪೀಪಾಯಿ ಸಿಕ್ಕಿ ಹೊಟ್ಟೆ ತುಂಬ ಕುಡಿದು ಗೂಡಿಗೆ ಹೋಯಿತು.

ಇನ್ನು ನೇರವಾಗಿ ಪೀಪಾಯಿಗೇ ಬರುತ್ತದೆ ಎಂದು ದೊಡ್ಡಪ್ಪ ಅಂದುಕೊಂಡರು. ಬರಲಿಲ್ಲ. ಮತ್ತೆ ಮೊದಲು ಖಾಲಿ ಮೂಲೆಗೆ ಬಂತು, ಅಲ್ಲಿಂದ ಪೀಪಾಯಿಯ ಕಡೆ ತಿರುಗಿತು. ಮೂರನೇ ಸಲವೂ ಹಾಗೇ. ನಾಲ್ಕನೇ ಸಲ ಮೂಲೆ ಮುಟ್ಟುವ ಮೊದಲೇ ತಿರುಗಿತು. ಐದನೆಯದರಲ್ಲಿ ಇನ್ನೂ ಮೊದಲೇ. ಮಡಚಿದ ಮೊಣಕೈಯಂತಿದ್ದ ದಾರಿ ಸ್ವಲ್ಪಸ್ವಲ್ಪವೇ ಬಿಚ್ಚಿಕೊಂಡು, ಸಂಜೆಯ ಹೊತ್ತಿಗೆ ಆ ಬಿಳಿ ಚುಕ್ಕೆ ಗೂಡಿನಿಂದ ಪೀಪಾಯಿಗೆ ಗೆರೆ ಎಳೆದಂತೆ ಹೋಗಿಬರುತ್ತಿತ್ತು. ನಡುವೆ ದೊಡ್ಡಪ್ಪ ಸೋಪು ನೀರಿನಲ್ಲಿ ನೆಲ ಒರೆಸಿಯೂ ನೋಡಿದ್ದರು. ವಾಸನೆ ಹಿಡಿದು ಹಿಂದೆ ಬರುತ್ತಿದ್ದ ಹೊಸಬರು ದಿಕ್ಕು ತಪ್ಪಿದರು. ದಾರಿ ಕಲಿತವರು ಒರೆಸಿದ ನೆಲದ ಮೇಲೂ ನಡೆದುಹೋದರು.

ಆಮೇಲೆ ಹುಳುಹುಪ್ಪಟೆಗೆ ಔಷಧಿ ಹೊಡೆಯುವ ಕಂಪನಿಯೊಂದನ್ನು ಸೇರಿ ಇದನ್ನೇ ಅವರು ಕಸುಬು ಮಾಡಿಕೊಂಡರು. ಪುಸ್ತಕಾಲಯ, ಔಷಧಿ ಅಂಗಡಿ, ಮಕ್ಕಳ ಶಾಲೆ, ಹೀಗೆ ವಿಷ ಉದುರಿಸಬಾರದ ಜಾಗಗಳಿಗೆ ಇವರಿಗೇ ಕರೆ ಬರುತ್ತಿತ್ತು. ಇರುವೆ ಬರುವ ಜಾಗದಲ್ಲೇ ಬಾಟಲಿ ಮುಚ್ಚಳದಲ್ಲಿ ಪಾಕ ಇಡುವುದು, ದಿನಾ ಒಂದು ಗೇಣು ಸರಿಸುವುದು. ಒಂದು ಗೇಣಾದರೆ ಹಳೇ ಜಾಗಕ್ಕೆ ಬಂದು, ಸುತ್ತಿ, ಹುಡುಕಿಕೊಳ್ಳುತ್ತವೆ; ಒಂದೇ ಸಲ ನಾಲ್ಕು ಮಾರು ಸರಿಸಿದರೆ ಚದುರಿಹೋಗುತ್ತವೆ. ಹೀಗೆ ಹದಿನೈದು ಇಪ್ಪತ್ತು ದಿನದಲ್ಲಿ ಇಡೀ ಸಾಲನ್ನು ಬಾಗಿಲು ದಾಟಿಸಿ ಹೊರಗಿನ ಮಣ್ಣಿಗೆ ಬಿಟ್ಟು ಬರುತ್ತಿದ್ದರು. ಕಂಪನಿಯ ಹುಡುಗರು ಅವರನ್ನು 'ಇರುವೆ ಮೇಷ್ಟ್ರು' ಎನ್ನುತ್ತಿದ್ದರು. ದೊಡ್ಡಪ್ಪನಿಗೆ ಒಳಗೊಳಗೇ ಖುಷಿ. ಹೊರಗೆ ಮಾತ್ರ, "ಮೇಷ್ಟ್ರೂ ಇಲ್ಲ, ಮಣ್ಣೂ ಇಲ್ಲ. ಮೊದಲು ಕೂತು ನೋಡ್ಬೇಕು ಅಷ್ಟೆ. ನಿಂತು ನೋಡಿದ್ರೆ ಏನೂ ಕಾಣಲ್ಲ" ಎನ್ನುತ್ತಿದ್ದರು.

ಅವರ ಮನೆ ಕೆಳಗೆ, ನಮ್ಮದು ಮೇಲೆ. ಕೆಳಗೆ ಇದ್ದವರು ದೊಡ್ಡಪ್ಪ, ದೊಡ್ಡಮ್ಮ, ಅವರ ಮಗಳು, ಅಂದರೆ ನನ್ನ ಅಕ್ಕ, ಮತ್ತು ಅಕ್ಕನ ಮಗಳು. ಅಕ್ಕ ಮುದ್ರಣಾಲಯದ ಬೈಂಡಿಂಗ್ ವಿಭಾಗದಲ್ಲಿ ಬೆಳಗಿನ ಪಾಳಿಗೆ ಹೋಗುತ್ತಿದ್ದಳು. ಭಾವ ಹಡಗಿನಲ್ಲಿ ಅಡುಗೆಯವರು. ವರ್ಷದಲ್ಲಿ ಎಂಟು ತಿಂಗಳು ನೀರಿನ ಮೇಲೆ. ಮಗುವಿಗೆ ಆಗ ಆರು ವರ್ಷ. ಎಲ್ಲರೂ ಕರೆಯುತ್ತಿದ್ದುದು ಗುಬ್ಬಿ ಎಂದು. ಮೆಟ್ಟಿಲು ಹತ್ತಿ ಬಂದು ನನ್ನ ಹಾಸಿಗೆಯ ಮೇಲೆ ಕುಣಿದು, ನನ್ನ ಬಾಚಣಿಗೆ ಕದ್ದು ಓಡುವ ಪಿರ್ಕಿ ಅದು.

ಆ ವರ್ಷ ಬೇಸಿಗೆಯ ಶುರುವಿನಲ್ಲಿ ಗುಬ್ಬಿ ಮತ್ತೆ ಹಾಸಿಗೆ ಒದ್ದೆ ಮಾಡತೊಡಗಿದಳು. ಮೂರು ವರ್ಷದ ಹಿಂದೆಯೇ ಬಿಟ್ಟಿದ್ದ ಅಭ್ಯಾಸ. ಮೊದಲ ದಿನ ಎಲ್ಲರೂ ನಕ್ಕರು. ನಾಲ್ಕನೇ ದಿನ ದೊಡ್ಡಮ್ಮನಿಗೆ ರೇಗಿತು. "ಶಾಲೆಗೆ ಹೋಗೋ ಹುಡುಗಿ, ನಾಚಿಕೆ ಆಗಲ್ವೇನೇ? ದಿನಾ ದುಪ್ಪಟಿ ಒಗೆದು ನನ್ನ ಸೊಂಟ ಬಿದ್ದುಹೋಯ್ತು" ಎಂದು ಬೈದಳು. ಗುಬ್ಬಿ ಬಚ್ಚಲಮನೆಯ ಬಾಗಿಲ ಹಿಂದೆ ನಿಂತು ಬೆರಳು ಕಚ್ಚಿಕೊಂಡಳು. ಅಕ್ಕ ಕೆಲಸದಿಂದ ಬಂದು, "ಅಪ್ಪ ಇಲ್ಲ ಅಂತ ಮನಸ್ಸಿಗೆ ಹಚ್ಚಿಕೊಂಡಿದಾಳೆ ಅನ್ಸುತ್ತೆ" ಎಂದಳು. ದೊಡ್ಡಪ್ಪ ಕನ್ನಡಕ ಮೇಲೇರಿಸಿ, ಇದೇನು ಮಹಾ ಎಂಬಂತೆ ಪರಿಹಾರ ಹೇಳಿದರು: "ಸಂಜೆ ಐದರ ಮೇಲೆ ನೀರು ಕೊಡಬೇಡಿ. ಒಳಗೆ ಹೋದ್ರೆ ತಾನೆ ಹೊರಗೆ ಬರೋದು."

ಅದು ಮನೆಯ ಕಾನೂನಾಯಿತು. ಐದು ಗಂಟೆಯಾದ ಮೇಲೆ ನೀರಿನ ಹೂಜಿ ಕಪಾಟಿನ ಮೇಲಕ್ಕೆ ಹೋಗುತ್ತಿತ್ತು.

ಒಂದು ಸಂಜೆ ನಾನು ಕೆಲಸ ಮುಗಿಸಿ ಬರುವಾಗ ಹಿತ್ತಿಲ ನಲ್ಲಿಯ ಹತ್ತಿರ ಗುಬ್ಬಿ ಮಂಡಿಯೂರಿ ಕೂತಿದ್ದಳು. ಗಿಡಕ್ಕೆ ಬಿಡುವ ರಬ್ಬರ್ ಪೈಪನ್ನು ಬಾಯಿಗಿಟ್ಟುಕೊಂಡು ಕುಡಿಯುತ್ತಿದ್ದಳು. ಅದು ಸುಮ್ಮನೆ ಬಾಯಾರಿದವರು ಕುಡಿಯುವ ರೀತಿಯಾಗಿರಲಿಲ್ಲ. ಉಸಿರಿಗೂ ಬಿಡುವಿಲ್ಲದೆ ಗಟಗಟ ಕುಡಿಯುತ್ತಿದ್ದಳು. ಅಂಗಿಯೆಲ್ಲ ನೆನೆದು ಪಕ್ಕೆಲುಬು ಕಾಣುತ್ತಿತ್ತು. ನನ್ನನ್ನು ನೋಡಿ ಪೈಪು ಬಿಟ್ಟಳು.

"ತಾತನಿಗೆ ಹೇಳ್ಬೇಡ ಚಿಕ್ಕಿ."

"ಇಲ್ಲ ಕಣೇ, ಹೇಳಲ್ಲ" ಎಂದೆ. ನನಗೆ ಹತ್ತೊಂಬತ್ತು ವರ್ಷ. ಗುಟ್ಟು ಕಾಪಾಡುವುದು ಪ್ರೀತಿ ಎಂದುಕೊಂಡಿದ್ದೆ.

ಅದೇ ದಿನಗಳಲ್ಲಿ ಅಡುಗೆಮನೆಯ ಸಕ್ಕರೆ ಡಬ್ಬಕ್ಕೆ ಇರುವೆ ಹತ್ತಿತು. ಕಿಟಕಿಯ ಚೌಕಟ್ಟಿನ ಬಿರುಕಿನಿಂದ ಹೊರಟು, ಶೆಲ್ಫಿನ ಅಂಚು ಹಿಡಿದು, ನೇರ ಡಬ್ಬಕ್ಕೆ. ದೊಡ್ಡಮ್ಮನಿಗೆ ಇದಕ್ಕಿಂತ ಒಳ್ಳೆಯ ತಮಾಷೆ ಬೇಕಿರಲಿಲ್ಲ. "ಊರವರ ಮನೆ ಇರುವೆಗೆಲ್ಲ ಪಾಠ ಹೇಳ್ತೀರಿ. ಇವು ನಿಮ್ಮ ಶಾಲೆಗೆ ಸೇರಿಲ್ವಾ?" ಎಂದಳು. ದೊಡ್ಡಪ್ಪ ನಕ್ಕು, ಸಕ್ಕರೆಯನ್ನು ಬಿಗಿ ಮುಚ್ಚಳದ ಡಬ್ಬಕ್ಕೆ ಸುರಿದು ಮೇಲಿನ ಕಪಾಟಿಗೆ ಸಾಗಿಸಿದರು. ಎರಡು ದಿನ ಇರುವೆಗಳು ಖಾಲಿ ಶೆಲ್ಫಿಗೆ ಬಂದುಹೋದವು. "ಹಳೇ ವಿಳಾಸಕ್ಕೆ ಬರ್ತಿವೆ, ಬಿಡು. ಸುಸ್ತಾಗಿ ಹೋಗ್ತವೆ" ಎಂದರು. ಮೂರನೇ ದಿನ ಶೆಲ್ಫು ಬರಿದಾಯಿತು. ಹೋದವು ಎಂದೇ ಎಲ್ಲರೂ ತಿಳಿದರು.

ವಾರದ ಮೇಲೆ ಬಚ್ಚಲಮನೆಯಲ್ಲಿ ಇರುವೆ ಕಂಡಿತು. ದೊಡ್ಡಪ್ಪ ಅವತ್ತು ಕೆಲಸಕ್ಕೆ ಹೊರಟಿದ್ದರು, ಬೂಟು ಹಾಕಿಕೊಂಡಿದ್ದರು. ಕೂರಲಿಲ್ಲ. ನೀರು ಹೋಗುವ ತೂತಿನಿಂದ ಬರುತ್ತಿರಬೇಕು ಎಂದು ನಿಂತಲ್ಲಿಂದಲೇ ಅದರ ಸುತ್ತ ಪುಡಿ ಉದುರಿಸಿ ಹೋದರು. ಮರುದಿನ ಮತ್ತೆ ಇರುವೆ. ಮತ್ತೆ ಪುಡಿ. ಎಲ್ಲರ ಮನೆಯಲ್ಲೂ ಕೂತು ನೋಡಿದ ಮನುಷ್ಯ ಸ್ವಂತ ಮನೆಯಲ್ಲಿ ನಾಲ್ಕು ದಿನ ನಿಂತೇ ಇದ್ದರು.

ಗುರುವಾರ ಗುಬ್ಬಿ ಶಾಲೆಗೆ ಹೋಗಲಿಲ್ಲ. ಬೆಳಿಗ್ಗೆ ವಾಂತಿಯಾಗಿತ್ತು. ಹೊಟ್ಟೆ ನೋವು ಎಂದು ಸೋಫಾದ ಮೇಲೆ ಮುದುರಿಕೊಂಡಿದ್ದಳು. ತಿಂದದ್ದು ಹಿಡಿಸಿಲ್ಲ ಎಂದು ದೊಡ್ಡಮ್ಮ ಬೆನ್ನು ಸವರಿ ಮಲಗಿಸಿದ್ದಳು. ಅಕ್ಕ ಆರಕ್ಕೇ ಪಾಳಿಗೆ ಹೋಗಿದ್ದಳು. ದೊಡ್ಡಪ್ಪನಿಗೆ ರಜೆ. ಇವತ್ತು ಇದಕ್ಕೊಂದು ಗತಿ ಕಾಣಿಸುತ್ತೇನೆ ಎಂದು ಅವರು ಕೊನೆಗೂ ಬಚ್ಚಲಮನೆಯ ಹೊಸ್ತಿಲ ಹೊರಗೆ ಕೂತರು.

ನಾನು ಮೊಸರು ಕೇಳಲು ಕೆಳಗಿಳಿದಾಗ ಅವರು ಬಾಯಿಗೆ ಬೆರಳಿಟ್ಟು ಸನ್ನೆ ಮಾಡಿ ಪಕ್ಕದಲ್ಲಿ ಕೂರಿಸಿಕೊಂಡರು. ಸಾಲು ನೀರಿನ ತೂತಿನಿಂದ ಬರುತ್ತಲೇ ಇರಲಿಲ್ಲ. ಅಡುಗೆಮನೆಯಿಂದ ಬರುತ್ತಿತ್ತು. ಕಿಟಕಿಯ ಬಿರುಕಿನಿಂದ ಇಳಿದು, ಮನೆಯೊಳಗಿನ ಸಣ್ಣ ಓಣಿಯ ಗೋಡೆಯಂಚಿನಲ್ಲಿ ಹಾದು, ಬಚ್ಚಲಮನೆಯ ಬಾಗಿಲಡಿ ನುಸುಳಿ, ಮೂಲೆಯ ನೀಲಿ ಬಕೆಟ್ಟಿಗೆ.

ಅಡುಗೆಮನೆಯ ಬಾಗಿಲವರೆಗೆ ಕರೆದೊಯ್ದು, "ಅಲ್ಲಿ ನೋಡು" ಎಂದರು ಪಿಸುಗುಟ್ಟಿ. ಅಷ್ಟರಲ್ಲೇ ಒಂದು ಇರುವೆಗೆ ಬಿಳಿ ಚುಕ್ಕೆ ಇಟ್ಟಿದ್ದರು. ಉಳಿದವು ಕಿಟಕಿಯಿಂದ ನೇರ ಓಣಿಗೆ ಇಳಿಯುತ್ತಿದ್ದರೆ ಅದು ಮಾತ್ರ ಶೆಲ್ಫಿಗೆ ಹೋಯಿತು. ಸಕ್ಕರೆ ಡಬ್ಬವಿದ್ದ ಜಾಗದಲ್ಲಿ ಒಂದು ಸುತ್ತು ಹಾಕಿತು. ಆಮೇಲೆ ಗೋಡೆ ಇಳಿದು ಓಣಿಗೆ ಬಂತು. "ಇದು ನಮ್ಮ ಹಳೇ ಗಿರಾಕಿ. ಸಕ್ಕರೆಗೆ ಬರ್ತಿದ್ದ ಇರುವೆಗಳೇ ಇವು, ಬೇರೆ ಅಲ್ಲ. ಈ ಮುದುಕಿಗೆ ಮಾತ್ರ ಇನ್ನೂ ಹಳೇ ಮನೆ ಮರೆತಿಲ್ಲ" ಎಂದು ನಕ್ಕರು.

ನಾವು ಮತ್ತೆ ಬಚ್ಚಲಮನೆಯ ಹೊಸ್ತಿಲಿಗೆ ಬಂದು ಕೂತೆವು; ಚುಕ್ಕೆಯ ಇರುವೆ ಬಕೆಟ್ಟಿನಿಂದ ಹಿಂದಿರುಗಿತು. ದೊಡ್ಡಪ್ಪ ಬಗ್ಗಿ, ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ನೋಡಿದರು. ಅವರ ನಗು ಅಲ್ಲಿಗೇ ನಿಂತಿತು.

"ಹೊಟ್ಟೆ ನೋಡು."

ಇರುವೆಯ ಹೊಟ್ಟೆ ಉಬ್ಬಿ, ಬೆಳಕು ತೂರುವಷ್ಟು ತೆಳುವಾಗಿತ್ತು. ಹಿಂದಿರುಗುತ್ತಿದ್ದ ಎಲ್ಲದರದ್ದೂ ಹಾಗೇ.

"ಪಾಕ ಕುಡಿದ್ರೆ ಹೀಗಾಗುತ್ತೆ. ಬರೀ ನೀರಿಗೆ ಇವು ಹೀಗೆ ಸಾಲು ಕಟ್ಟಲ್ಲ. ಬಚ್ಚಲಲ್ಲಿ ಪಾಕ ಎಲ್ಲಿಂದ ಬಂತು?" ಎಂದು ಎದ್ದು ಬಕೆಟ್ಟಿನ ಹತ್ತಿರ ಹೋದರು. ಅದರಲ್ಲಿದ್ದುದು ಒಗೆಯಲು ಹಾಕಿದ್ದ ಗುಬ್ಬಿಯ ದುಪ್ಪಟಿ. "ಇದರ ಮೇಲೆ ಜ್ಯೂಸ್ ಏನಾದ್ರೂ ಚೆಲ್ಲಿದ್ರಾ?" ಎಂದು ಕೂಗಿ ಕೇಳಿದರು.

"ಜ್ಯೂಸೂ ಇಲ್ಲ, ಏನೂ ಇಲ್ಲ. ನಿಮ್ಮ ಮೊಮ್ಮಗಳ ಉಚ್ಚೆ" ಎಂದಳು ದೊಡ್ಡಮ್ಮ ಅಡುಗೆಮನೆಯಿಂದ.

ದೊಡ್ಡಪ್ಪ ದುಪ್ಪಟಿಯ ಅಂಚು ಎತ್ತಿ ನೋಡಿದರು. ಆಮೇಲೆ ಮೂರು ಬಾಟಲಿ ಮುಚ್ಚಳ ತಂದರು. ಒಂದರಲ್ಲಿ ನಲ್ಲಿಯ ನೀರು. ಒಂದರಲ್ಲಿ ದುಪ್ಪಟಿ ಹಿಂಡಿದ ನಾಲ್ಕು ಹನಿ. ಮೂರನೆಯದನ್ನು ಹಿಡಿದುಕೊಂಡು ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ಬಂದು, ನನ್ನ ಮುಖ ನೋಡದೆ, ಅದನ್ನೂ ಸಾಲಿನ ಪಕ್ಕ ಇಟ್ಟರು. ಬೇರೆ ದಿನವಾಗಿದ್ದರೆ ನಾನು ನಕ್ಕು ನಕ್ಕು ಸತ್ತೇಹೋಗುತ್ತಿದ್ದೆ.

ನೀರಿನ ಮುಚ್ಚಳವನ್ನು ಇರುವೆಗಳು ಮೀಸೆಯಿಂದ ಮುಟ್ಟಿ ಬಿಟ್ಟವು. ದೊಡ್ಡಪ್ಪನ ಮುಚ್ಚಳವನ್ನು ಬಳಸಿಕೊಂಡು ಹೋದವು. ದುಪ್ಪಟಿಯ ಹನಿಗಳ ಸುತ್ತ ಐದೇ ನಿಮಿಷದಲ್ಲಿ ಕಪ್ಪು ಉಂಗುರ ಕಟ್ಟಿಕೊಂಡಿತು; ಒಂದೂ ತಲೆ ಎತ್ತದೆ ಕುಡಿಯುತ್ತಿದ್ದವು.

ಆಗ ನಾನು ಆ ಮುಖ ನೋಡಿದೆ. ಬಣ್ಣ ಇಳಿದುಹೋಗಿತ್ತು. ಬಾಯಿ ಅರ್ಧ ತೆರೆದಿತ್ತು. ಕಣ್ಣು ಮುಚ್ಚಳದ ಮೇಲೆ ನೆಟ್ಟಿತ್ತು. ಹಿಂದೊಮ್ಮೆ ಒಂದು ಮನೆಯಲ್ಲಿ, ದಿನಾ ಸೂಜಿ ಚುಚ್ಚಿಕೊಳ್ಳುವ ಅಜ್ಜಿಯೊಬ್ಬರು, "ನಿನ್ನ ಔಷಧಿ ದಂಡ ಕಣಪ್ಪ, ಅವು ಬರೋದು ನನ್ನ ಮೈಯ ಸಕ್ಕರೆಗೆ" ಎಂದು ಹೇಳಿದ್ದರಂತೆ. ಅದನ್ನು ಅವರು ನನಗೆ ಹೇಳಿದ್ದು ಆಮೇಲೆ. ಆ ಹೊತ್ತಿಗೆ ಅವರ ಬಾಯಿಂದ ಬಂದದ್ದು ಇಷ್ಟೇ:

"ನೀರು... ನಾನು ನೀರು ನಿಲ್ಲಿಸಿದೆ."

ನನಗೆ ಅರ್ಥವಾಗಲಿಲ್ಲ. ಅವರು ಗೋಡೆ ಹಿಡಿದು ಎದ್ದು ಸೋಫಾದ ಹತ್ತಿರ ಓಡಿದರು. ಗುಬ್ಬಿ ಕಣ್ಣು ಅರೆಮುಚ್ಚಿ, ಓಡಿ ಬಂದವಳಂತೆ ಜೋರಾಗಿ ಉಸಿರಾಡುತ್ತಿದ್ದಳು. ಬಾಯಿಯಿಂದ ಕೊಳೆತ ಹಣ್ಣಿನಂಥ ವಾಸನೆ. ಕೂಗಿದರೆ "ಹ್ಞಾಂ" ಎಂದಳು, ಕಣ್ಣು ಬಿಡಲಿಲ್ಲ. ಒಂದು ಗಂಟೆಯ ಹಿಂದೆ ಮಾತಾಡುತ್ತಿದ್ದ ಮಗು.

"ಮಲಗಲಿ ಬಿಡ್ರಿ, ಪಾಪ" ಎನ್ನುತ್ತ ಬಂದ ದೊಡ್ಡಮ್ಮ ಗಂಡನ ಮುಖ ನೋಡಿ ಅಲ್ಲೇ ನಿಂತುಬಿಟ್ಟಳು.

ದೊಡ್ಡಪ್ಪ ಗುಬ್ಬಿಯನ್ನು ಎತ್ತಿಕೊಂಡು ಬರಿಗಾಲಲ್ಲೇ ರಸ್ತೆಗೆ ಇಳಿದರು. ಎದುರು ಮನೆಯ ಎಲೆಕ್ಟ್ರಿಷಿಯನ್ ವ್ಯಾನು ತೆಗೆದ. ನಾನು ಹಿಂದೆ ಕೂತೆ, ಮಗುವಿನ ಕಾಲು ನನ್ನ ತೊಡೆಯ ಮೇಲಿತ್ತು. ಇಷ್ಟು ಹಗುರವಾಗಿದ್ದಾಳೆ ಎಂದು ನನಗೆ ಗೊತ್ತಾದದ್ದು ಆಗ. ದಿನಾ ನನ್ನ ಹಾಸಿಗೆಯ ಮೇಲೆ ಕುಣಿಯುತ್ತಿದ್ದವಳು ಎಷ್ಟು ದಿನದಿಂದ ಮೆಟ್ಟಿಲು ಹತ್ತಿ ಬಂದಿಲ್ಲ ಎಂದು ಲೆಕ್ಕ ಹಾಕಿದೆ. ಹದಿನೈದು ದಿನವಾಗಿತ್ತು. ನನಗೆ ಅದು ಗಮನಕ್ಕೇ ಬಂದಿರಲಿಲ್ಲ.

ಆಸ್ಪತ್ರೆಯಲ್ಲಿ ನರ್ಸ್ ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಮೀಟರಿಗೆ ಮುಟ್ಟಿಸಿದರು. ಮೀಟರು ಅಂಕಿ ತೋರಿಸಲಿಲ್ಲ. ಇನ್ನೊಂದು ಬೆರಳು ಚುಚ್ಚಿದರು. ಆಗಲೂ ಇಲ್ಲ. "ಮೀಟರ್ ಕೆಟ್ಟಿದೆಯಾ?" ಎಂದು ಕೇಳಿದೆ. "ಇಲ್ಲ, ಅದು ಅಳೆಯೋದಕ್ಕಿಂತ ಜಾಸ್ತಿ ಇದೆ" ಎಂದು ನರ್ಸ್ ಓಡಿದರು. ಮರುಕ್ಷಣ ನಾಲ್ಕು ಜನ ಬಂದು ಮಂಚವನ್ನೇ ತಳ್ಳಿಕೊಂಡು ಹೋದರು. ಗಾಜಿನ ಬಾಗಿಲು ಮುಚ್ಚಿತು.

ಮುಕ್ಕಾಲು ಗಂಟೆಯ ಮೇಲೆ ಮಕ್ಕಳ ಡಾಕ್ಟರ್ ಹೊರಗೆ ಬಂದರು. ಸಣ್ಣ ವಯಸ್ಸಿನ ಹೆಂಗಸು. ಅಷ್ಟರಲ್ಲಿ ಅಕ್ಕ ಅಂಟು ಮೆತ್ತಿದ ಏಪ್ರನ್ನಿನಲ್ಲೇ ಬಂದಿದ್ದಳು.

"ಸಕ್ಕರೆ ಕಾಯಿಲೆ. ಮಕ್ಕಳಿಗೆ ಬರೋ ತರಹದ್ದು" ಎಂದರು ಡಾಕ್ಟರ್. "ರಕ್ತ ಹುಳಿಯಾಗೋ ಮಟ್ಟಕ್ಕೆ ಹೋಗಿದೆ. ಇವತ್ತು ಕರೆತಂದದ್ದು ಒಳ್ಳೇದಾಯ್ತು. ನಾಳೆ ಅಂದಿದ್ರೆ ನಾನೇನೂ ಹೇಳೋ ಹಾಗಿರಲಿಲ್ಲ."

ಅಕ್ಕ ಬೆಂಚಿನ ಮೇಲೆ ಕುಸಿದು ಕೂತಳು. "ಮಕ್ಕಳಿಗೂ ಬರುತ್ತಾ ಅದು?" ಎಂದು ಎರಡು ಸಲ ಕೇಳಿದಳು. ಡಾಕ್ಟರ್ ಎರಡು ಸಲವೂ "ಬರುತ್ತೆ" ಎಂದರು.

"ಹೇಗೆ ಗೊತ್ತಾಯ್ತು ನಿಮಗೆ?"

"ಇರುವೆ" ಎಂದರು ದೊಡ್ಡಪ್ಪ.

ಡಾಕ್ಟರ್ ಅವರ ಬರಿಗಾಲನ್ನೂ ಮುಖವನ್ನೂ ನೋಡಿದರು. ದೊಡ್ಡಪ್ಪ ಬಕೆಟ್ಟಿನ ಕಥೆ ಹೇಳಿದರು. ಒಂದು ಮಾತೂ ಹೆಚ್ಚು ಕಮ್ಮಿ ಇಲ್ಲದೆ, ಕಂಪನಿಗೆ ವರದಿ ಒಪ್ಪಿಸುವ ಹಾಗೆ. ಕೇಳಿ ಮುಗಿಸಿ ಡಾಕ್ಟರ್ ಒಂದೇ ಪ್ರಶ್ನೆ ಕೇಳಿದರು: "ಮಗು ತುಂಬ ಒಣಗಿದೆ. ಈ ಕಾಯಿಲೇಲಿ ಸಿಕ್ಕಾಪಟ್ಟೆ ಬಾಯಾರಿಕೆ ಆಗುತ್ತೆ. ನೀರು ಕೇಳ್ತಿರಲಿಲ್ವಾ?"



"ಕೇಳ್ತಿದ್ಳು" ಎಂದರು ದೊಡ್ಡಪ್ಪ. "ಕೊಡಬೇಡಿ ಅಂದಿದ್ದು ನಾನು. ಮೂರು ವಾರ."

ಅಕ್ಕ ತಲೆಯೆತ್ತಿ ಅಪ್ಪನನ್ನು ನೋಡಿದಳು. ಆ ನೋಟ ನೋಡಲಾರದೆ ನಾನು ಬಾಯಿಬಿಟ್ಟೆ. "ನಾನು ನೋಡಿದ್ದೆ ಅಕ್ಕ. ಹಿತ್ತಿಲಲ್ಲಿ ಪೈಪಿನಿಂದ ಕುಡೀತಿದ್ಳು. ಹೇಳ್ಬೇಡ ಅಂದ್ಳು. ನಾನು ಹೇಳ್ಲಿಲ್ಲ." ಅಕ್ಕ ನನ್ನ ಕಡೆ ತಿರುಗಲೇ ಇಲ್ಲ. ಅಂಟು ಹತ್ತಿದ ಬೆರಳುಗಳನ್ನು ಒಂದೊಂದಾಗಿ ಏಪ್ರನ್ನಿಗೆ ಉಜ್ಜುತ್ತ ಕೂತಳು. ಡಾಕ್ಟರ್ ನಮ್ಮನ್ನು ಬೈಯಲಿಲ್ಲ. "ಕದ್ದು ಕುಡಿದದ್ದೇ ಅವಳನ್ನ ಇಲ್ಲಿವರೆಗೆ ತಂದಿದೆ" ಎಂದಷ್ಟೇ ಹೇಳಿ ಒಳಗೆ ಹೋದರು. ಬೈದಿದ್ದರೆ ವಾಸಿಯಿತ್ತು.

ಎರಡು ದಿನ ಗಾಜಿನ ಬಾಗಿಲ ಆಚೆ. ಮೂರನೇ ದಿನ ಮಧ್ಯಾಹ್ನ ಗುಬ್ಬಿ ಕಣ್ಣು ಬಿಟ್ಟು ಅಮ್ಮನನ್ನು ಗುರುತಿಸಿದಳು. ನರ್ಸ್ ಒಂದು ಲೋಟ ನೀರು ತಂದಾಗ ತಾತನ ಕಡೆ ನೋಡಿದಳು. ಕುಡಿಯಲೋ ಬೇಡವೋ ಎಂದು ಕೇಳುವ ನೋಟ. ದೊಡ್ಡಪ್ಪ ಎದ್ದು ಹೊರಗೆ ಹೋದರು. ಹಿಂದೆ ಹೋದ ನನಗೆ ಅವರು ಕಾರಿಡಾರಿನ ಕೊನೆಯಲ್ಲಿ, ಮಡಚಿಟ್ಟ ಗಾಲಿಕುರ್ಚಿಗಳ ಪಕ್ಕ, ಗೋಡೆಗೆ ಹಣೆ ಒತ್ತಿ ನಿಂತಿರುವುದು ಕಂಡಿತು. ಅವರು ಅಳುತ್ತಿರಲಿಲ್ಲ. ನಾಲ್ಕು ದಿನ ಪುಡಿ ಹಾಕಿದೆ, ನಾಲ್ಕು ದಿನ ಎಂದು ತಮ್ಮಷ್ಟಕ್ಕೆ ಎಣಿಸುತ್ತಿದ್ದರು.

ಮನೆಗೆ ಬಂದ ಮೇಲೆ ಹೂಜಿ ಕೆಳಗಿಳಿಯಿತು. ದಿನಕ್ಕೆ ನಾಲ್ಕು ಸೂಜಿ. ದೊಡ್ಡಮ್ಮ ಒಂದನ್ನೂ ನೋಡಲಾರದೆ ಹಿತ್ತಿಲಿಗೆ ಹೋಗಿಬಿಡುತ್ತಿದ್ದಳು. ಚುಚ್ಚಲು ಕಲಿತವರು ದೊಡ್ಡಪ್ಪ. ಇರುವೆಯ ಬೆನ್ನಿಗೆ ಚುಕ್ಕೆ ಇಡುತ್ತಿದ್ದವರು ಮೊದಲ ವಾರ ಸೂಜಿಯನ್ನು ಹತ್ತಿರ ತಂದು ಮತ್ತೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಗುಬ್ಬಿಯೇ ಅವರ ಮಣಿಕಟ್ಟು ಹಿಡಿದುಕೊಂಡು, "ತಾತ, ನಿಂಗೆ ನೋವಾಗಲ್ಲ, ನಂಗೆ ತಾನೆ" ಎನ್ನುತ್ತಿದ್ದಳು. ಅಕ್ಕ ಅಪ್ಪನ ಜೊತೆ ಎರಡು ತಿಂಗಳು ಸರಿಯಾಗಿ ಮಾತಾಡಲಿಲ್ಲ. ನನ್ನ ಜೊತೆಗೂ ಇಲ್ಲ. ಒಂದು ದಿನ ಭಾವ ಹಡಗಿನಿಂದ ಬಂದಿಳಿದು, ಎಲ್ಲ ಕೇಳಿ, ದೊಡ್ಡಪ್ಪನ ಪಕ್ಕ ನೆಲದ ಮೇಲೆ ಬಂದು ಕೂತರು.  ಅರ್ಧ ಗಂಟೆ ಇಬ್ಬರೂ ಹಾಗೇ ಕೂತಿದ್ದರು. ಆ ಮೇಲೆ ಅಕ್ಕ ಅಪ್ಪನಿಗೆ ಟೀ ತಂದುಕೊಟ್ಟಳು.

ದೊಡ್ಡಪ್ಪನಿಗೆ ಈಗ ಅರವತ್ತನಾಲ್ಕು, ಮಂಡಿ ನೋವು, ಕೆಲಸ ಬಿಟ್ಟಿದ್ದಾರೆ. ಗುಬ್ಬಿಗೆ ಹದಿನಾರು. ಸೂಜಿ ತಾನೇ ಚುಚ್ಚಿಕೊಳ್ಳುತ್ತಾಳೆ, ವಾಲಿಬಾಲ್ ಆಡುತ್ತಾಳೆ, ಬಾಗಿಲು ಧಡಾರನೆ ಹಾಕುತ್ತಾಳೆ. ಹೋದ ತಿಂಗಳು ಮೊದಲ ಸಲ ತಂಡದ ಜೊತೆ ಬೇರೆ ಊರಿಗೆ ಹೊರಟಳು. ಬಸ್ಸಿನ ಹತ್ತಿರ ದೊಡ್ಡಪ್ಪ ತರಬೇತುದಾರರನ್ನು ಪಕ್ಕಕ್ಕೆ ಕರೆದು ಏನೇನೋ ಹೇಳತೊಡಗಿದರು. ಗುಬ್ಬಿ ಕಿಟಕಿಯಿಂದ ತಲೆ ಹೊರಗೆ ಹಾಕಿ, "ತಾತ, ಮಾನ ತೆಗೀಬೇಡ, ನಾನೇ ಎಲ್ಲ ಹೇಳಿದೀನಿ ಅವರಿಗೆ" ಎಂದಳು. ಹುಡುಗಿಯರೆಲ್ಲ ನಕ್ಕರು. ದೊಡ್ಡಪ್ಪನೂ ನಕ್ಕಂತೆ ಮಾಡಿ ಹಿಂದೆ ಸರಿದರು. ಬಸ್ಸು ಹೋದ ಮೇಲೆ ನನ್ನ ತೋಳು ಹಿಡಿದು, "ಸ್ವಲ್ಪ ಹೊತ್ತು ಇಲ್ಲೇ ಕೂತ್ಕೊಳ್ಳೋಣ" ಎಂದರು. ನಿಲ್ದಾಣದ ಕಟ್ಟೆಯ ಮೇಲೆ ಕೂತೆವು. ನಾವು ಏಳುವ ಹೊತ್ತಿಗೆ ಅಲ್ಲಿಂದ ಇನ್ನೂ ಮೂರು ಬಸ್ಸು ಹೊರಟಿದ್ದವು.